ಮಾದರಿ ರೈಲಿಗೊಂದು ಸರಕಿನ ಅಂಗಳ

ಶಾಲಾ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಾದರಿ ರೈಲುಗಾಡಿಯನ್ನು ಕಾಣದವರು ವಿರಳ. ಹಲಗೆಯ ಮೇಲೊಂದು ಸುತ್ತುಹಳಿ, ಕಾಗದದ ಬೆಟ್ಟ, ಅದಕ್ಕೊಂದು ಸುರಂಗ. ಗುಂಡಿಯನ್ನು ಒತ್ತಿದೊಡನೆ ಗಾಡಿ ಸುತ್ತತೊಡಗುತ್ತದೆ. ನೋಟಕ್ಕೆ ಇದು ಸೊಗಸೇ ಸರಿ. ಆದರೆ ಹತ್ತು ಸುತ್ತು ಮುಗಿದ ಮೇಲೂ ಅದು ನಮಗೆ ಹೊಸದೇನನ್ನೂ ಕಲಿಸುವುದಿಲ್ಲ. ನಿಜವಾದ ಸರಕುಗಾಡಿಯು ಹೊತ್ತು ತಂದುದನ್ನು ಮತ್ತೊಂದು ವಾಹನಕ್ಕೆ ಒಪ್ಪಿಸುವುದಕ್ಕಾಗಿ ಓಡುತ್ತದೆ. ಈ ಒಪ್ಪಿಸುವ ಕಾರ್ಯ ನಡೆಯುವ ಅಂಗಳವನ್ನೇ ನಮ್ಮ ವಿದ್ಯಾರ್ಥಿಗಳು ಮಾದರಿಯಾಗಿ ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ.

ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ ರೈಲು ನಿಲ್ದಾಣವಿಲ್ಲ. ಆದರೆ ಅಲ್ಲಿಂದ ದಕ್ಷಿಣಕ್ಕೆ, 20 ಕಿಲೋಮೀಟರಿನ ಆಸುಪಾಸಿನಲ್ಲಿ, ವೈಟ್‌ಫೀಲ್ಡಿನ ಕಂಟೇನರ್ ಡಿಪೋ ಇದೆ. ಅದು 1864ರಲ್ಲಿ ತೆರೆದ ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗದ ಮಗ್ಗುಲಲ್ಲಿದೆ. ಲಾರಿಯಲ್ಲಿ ಬಂದ ಉಕ್ಕಿನ ಪೆಟ್ಟಿಗೆಯು ಇಲ್ಲಿ ರೈಲನ್ನೇರಿ ಚೆನ್ನೈ ಬಂದರಿಗೆ ಹೋಗಿ ಹಡಗನ್ನು ಸೇರುತ್ತದೆ. ನಡುವೆ ಎಲ್ಲಿಯೂ ಅದರೊಳಗಿನ ಸರಕನ್ನು ಇಳಿಸಿ ಏರಿಸುವ ಶ್ರಮವಿಲ್ಲ.

ಹಿಂದೆ ಹೀಗಿರಲಿಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರಗಳ ಮೂಲಕ ಹಾದುಹೋಗುತ್ತಿದ್ದ ಹಳಿಯ ಅಗಲ 2 ಅಡಿ 6 ಅಂಗುಲ. ಬಂಗಾರಪೇಟೆಯಲ್ಲಿ ಅದನ್ನು ಎದುರುಗೊಳ್ಳುತ್ತಿದ್ದುದು 5 ಅಡಿ 6 ಅಂಗುಲದ ಹಳಿ. ಒಂದರ ಗಾಡಿ ಇನ್ನೊಂದರ ಮೇಲೆ ಓಡಲಾರದು. ಆದುದರಿಂದ ಮುಂದೆ ಹೋಗಬೇಕಾದ ಸರಕನ್ನು ಮೂಟೆ ಮೂಟೆಯಾಗಿ ಹೊತ್ತು ಬದಲಿಸಬೇಕಾಗಿತ್ತು. ಸರಕನ್ನು ಮುಟ್ಟದೆ, ಅದನ್ನು ತುಂಬಿದ ಪೆಟ್ಟಿಗೆಯನ್ನೇ ಬದಲಿಸುವ ಪದ್ಧತಿಗೆ 1956ರ ಏಪ್ರಿಲ್ 26ರಂದು ದೊಡ್ಡ ಚಾಲನೆ ದೊರೆಯಿತು. ಅಂದು ಅಮೆರಿಕದ ನೆವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. 1981ರಲ್ಲಿ ಭಾರತದ ಮೊದಲನೆಯ ಒಳನಾಡು ಕಂಟೇನರ್ ಡಿಪೋ ಸ್ಥಾಪನೆಯಾದುದು ನಮ್ಮ ಬೆಂಗಳೂರಿನಲ್ಲಿಯೇ.

ಇಂತಹ ಅಂಗಳವನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟುವುದು ಹೇಗೆ? 20 ಅಡಿಯ ಪೆಟ್ಟಿಗೆ ಈ ಅಳತೆಯಲ್ಲಿ 7 ಸೆಂಟಿಮೀಟರ್ ಉದ್ದ, 2.8 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಎತ್ತರವಾಗುತ್ತದೆ. ರಟ್ಟನ್ನು ಕತ್ತರಿಸಿ ಅಂಟಿಸಿದರೆ ಸಾಕು. ನಮ್ಮ ದೇಶದ ಕಂಟೇನರ್ ರೈಲಿಗೆ ಸಾಮಾನ್ಯವಾಗಿ 45 ವ್ಯಾಗನ್ನುಗಳು. ವ್ಯಾಗನ್ನಿಗೆ ಎರಡರಂತೆ 90 ಪೆಟ್ಟಿಗೆಗಳು. ಅದರ ಉದ್ದ 600 ಮೀಟರಿಗೂ ಹೆಚ್ಚು. ಮಾದರಿಯಲ್ಲಿ ಸುಮಾರು 7 ಮೀಟರ್. ಅಷ್ಟು ಉದ್ದದ ಮೇಜು ಯಾವ ಶಾಲೆಯಲ್ಲಿದೆ? ಆದುದರಿಂದ ಐದು ವ್ಯಾಗನ್ನುಗಳಿಗೆ ತೃಪ್ತರಾಗೋಣ. ಎಂಜಿನ್ನೂ ಸೇರಿ ಒಂದು ಮೀಟರಿಗಿಂತ ತುಸು ಹೆಚ್ಚಿನ ಸ್ಥಳ ಸಾಕು.

ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಕುಗ್ಗಿಸಬಾರದು ಎಂಬ ವಿವೇಚನೆಯೇ ಮಾದರಿಯ ಜೀವಾಳ. ಈ ಅಳತೆಯಲ್ಲಿ ಅಂಗಡಿಗಳಲ್ಲಿ ದೊರೆಯುವ ಹಳಿಯ ಅಗಲ 16.5 ಮಿಲಿಮೀಟರ್, ನಮ್ಮ ಅಗಲ ಹಳಿಗೆ 19 ಮಿಲಿಮೀಟರಿಗಿಂತ ಹೆಚ್ಚು ಬೇಕು. ಈ ಕೊರತೆಯನ್ನು ಕ್ಷಮಿಸಬಹುದು. ಆದರೆ ಪೆಟ್ಟಿಗೆಯನ್ನೆತ್ತುವ ಯಂತ್ರದ ದಾರಿಯನ್ನು ಕಿರಿದುಗೊಳಿಸಿದರೆ ಕ್ಷಮೆಯಿಲ್ಲ. ರೀಚ್ ಸ್ಟ್ಯಾಕರ್ ಎಂಬ ಯಂತ್ರವು ಪೆಟ್ಟಿಗೆಯನ್ನು ತನ್ನ ಮುಂದೆ ಅಡ್ಡಲಾಗಿ ಹಿಡಿದು ಚಲಿಸುತ್ತದೆ. 40 ಅಡಿಯ ಪೆಟ್ಟಿಗೆ ಮಾದರಿಯಲ್ಲಿ 14 ಸೆಂಟಿಮೀಟರ್. ದಾರಿ ಅದಕ್ಕಿಂತ ಅಗಲವಾಗಿರಲೇಬೇಕು. ಲಾರಿ ಬರುವ ದಾರಿ, ಕಾಯುವ ಸ್ಥಳ, ಹೊರಹೋಗುವ ಬಾಗಿಲು ಇವನ್ನು ಹಳಿಗಿಂತ ಮೊದಲು ಗುರುತಿಸುವುದು ಮೇಲು.

ಇನ್ನು ಪೆಟ್ಟಿಗೆಗಳನ್ನು ಪೇರಿಸುವ ಪ್ರಶ್ನೆ. 12 ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿಟ್ಟರೆ 12 ನೆಲೆಗಳು ಬೇಕು. ಮೂರರಂತೆ ಪೇರಿಸಿದರೆ ನಾಲ್ಕೇ ನೆಲೆಗಳು. ಆದರೆ ಲಾರಿಯವನು ಕೇಳಿದ ಪೆಟ್ಟಿಗೆ ಅಡಿಯಲ್ಲಿದ್ದರೆ ಮೇಲಿನ ಎರಡನ್ನು ವ್ಯರ್ಥವಾಗಿ ಎತ್ತಿಡಬೇಕು. ನಡುವೆ ಇದ್ದರೆ ಒಂದನ್ನು. ಮೂರರ ಪೇರಿಕೆಯಿಂದ ಯಾವುದಾದರೊಂದನ್ನು ತೆಗೆಯಬೇಕಾದಾಗ ಸರಾಸರಿ ಒಂದು ವ್ಯರ್ಥ ಎತ್ತುವಿಕೆ, ನಾಲ್ಕರದಾದರೆ ಒಂದೂವರೆ. ನೆಲ ಉಳಿದಷ್ಟೂ ಹೊತ್ತು ಖರ್ಚಾಗುತ್ತದೆ. ಪೆಟ್ಟಿಗೆಗಳಿಗೆ ಅಂಕೆ ಬರೆದು, ಚೀಟಿಯೆತ್ತಿ, ಗಡಿಯಾರವಿಟ್ಟು ಈ ಲೆಕ್ಕವನ್ನು ಯಾರಾದರೂ ಪರೀಕ್ಷಿಸಬಹುದು. ಒಂದು ಎತ್ತುವಿಕೆಗೆ 3 ನಿಮಿಷವೆಂದು ಇಟ್ಟುಕೊಂಡರೆ, 90 ಪೆಟ್ಟಿಗೆಗಳನ್ನು ಒಂದೇ ಯಂತ್ರದಿಂದ ಇಳಿಸುವುದಕ್ಕೆ ನಾಲ್ಕೂವರೆ ಗಂಟೆ. ಮತ್ತೆ ತುಂಬುವುದಕ್ಕೆ ಅಷ್ಟೇ. ಆ ಒಂಬತ್ತು ಗಂಟೆಯೂ ರೈಲು ನಿಂತೇ ಇರುತ್ತದೆ. ಎರಡನೆಯ ಯಂತ್ರ ಕೊಳ್ಳುವುದು ಲಾಭವೋ, ಎರಡನೆಯ ಹಳಿ ಹಾಕುವುದು ಲಾಭವೋ?

ಇದು ಮಕ್ಕಳಾಟಿಕೆ, ಇಷ್ಟೊಂದು ಲೆಕ್ಕ ಸೇರಿಸಿದರೆ ಆಟದ ಸಂತೋಷ ಹೋಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಚದುರಂಗಕ್ಕೆ ನಿಯಮಗಳಿರುವುದರಿಂದಲೇ ಅದು ಆಟವಾಗಿದೆ. ಸುತ್ತುವ ರೈಲನ್ನು ನೋಡಬಹುದು. ಅಂಗಳವನ್ನಾದರೋ ಆಡಬಹುದು, ಸೋಲಬಹುದು, ತಿದ್ದಿ ಮತ್ತೆ ಆಡಬಹುದು.

ಬೂದಿಗೆರೆಯ ಸುತ್ತಿನ ನೆಲಕ್ಕೆ ಇಂದು ಹಲವು ಕೈಗಳು ಚಾಚಿವೆ. ರಸ್ತೆಗೆಷ್ಟು, ಉಗ್ರಾಣಕ್ಕೆಷ್ಟು, ರಾಗಿಯ ಹೊಲಕ್ಕೆಷ್ಟು ಎಂಬ ತೀರ್ಮಾನಗಳು ಮುಂದೆಯೂ ಬರುತ್ತಲೇ ಇರುತ್ತವೆ. ಒಂದು ಅಂಗಳಕ್ಕೆ ಎಷ್ಟು ನೆಲ ನಿಜವಾಗಿ ಬೇಕು, ಲಾರಿಗಳ ಸಾಲು ಏಕೆ ಬೆಳೆಯುತ್ತದೆ ಎಂದು ಮೇಜಿನ ಮೇಲೆ ಅಳೆದು ತಿಳಿದ ತರುಣನು ನಾಳೆ ಗ್ರಾಮಸಭೆಯಲ್ಲಿ ನಕ್ಷೆಯೊಂದನ್ನು ಬಿಡಿಸಿಟ್ಟಾಗ ಸುಮ್ಮನೆ ತಲೆಯಾಡಿಸುವುದಿಲ್ಲ. ಪ್ರದರ್ಶನಗಳ ತೀರ್ಪುಗಾರರು ದೀಪಾಲಂಕಾರಕ್ಕೆ ಕೊಡುವ ಅಂಕಗಳಲ್ಲಿ ಅರ್ಧವನ್ನಾದರೂ ಇಂತಹ ಪ್ರಶ್ನೆಗಳಿಗೆ ಮೀಸಲಿಡಲಿ.