ಸೀಲಿಗೆ ದುಡ್ಡುಂಟು, ಹುಡುಕಾಟಕ್ಕಿಲ್ಲ

ಹಳೆಯ ಸಣ್ಣ ಟ್ರ್ಯಾಕ್ಟರಿನ ಕೆಳಗೆ ಎಣ್ಣೆಯ ಕಲೆ ಕಂಡಾಗ ಊರಿನ ಮನೆಗಳಲ್ಲಿ ಎರಡು ಮಾತು ಹುಟ್ಟುತ್ತವೆ. ಟ್ರ್ಯಾಕ್ಟರ್ ಓಡಿಸುವ ಅಣ್ಣ "ಸೋರಿದಷ್ಟು ಸುರಿದರಾಯ್ತು" ಎನ್ನುತ್ತಾನೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದು ಜಮೀನಿನ ಖರ್ಚಿಗೆ ದುಡ್ಡು ಕಳಿಸುವ ತಮ್ಮ ಫೋನಿನಲ್ಲಿ "ಅದನ್ನ ಕೊಟ್ಟುಬಿಡಣ್ಣ, ಸಾಲ ಮಾಡಿ ಹೊಸದು ತರೋಣ" ಎನ್ನುತ್ತಾನೆ. ಒಂದು ಉದಾಸೀನ, ಇನ್ನೊಂದು ಅವಸರ. ಎಣ್ಣೆ ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸಕ್ಕೆ ಯಾರೂ ದುಡ್ಡು ಕೊಡದಿರುವುದೇ ಎಷ್ಟೋ ಒಳ್ಳೆಯ ಟ್ರ್ಯಾಕ್ಟರುಗಳು ಅಕಾಲದಲ್ಲಿ ಗುಜರಿ ಸೇರಲು ಕಾರಣ.

ಸಣ್ಣ ಟ್ರ್ಯಾಕ್ಟರ್ ಎಂದರೆ ದೊಡ್ಡದನ್ನು ಕೊಳ್ಳಲಾಗದವರ ಗಾಡಿ ಎಂದು ತಿಳಿಯಬೇಕಿಲ್ಲ. ನಾಸಿಕ್, ಸಾಂಗ್ಲಿ, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವೆ, ಚಪ್ಪರದ ಅಡಿ, ಬಳ್ಳಿಗೆ ತಗಲದಂತೆ ಓಡಾಡಲು ಅದೇ ಬೇಕು. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಯಾರಿಸಿದ 18.5 ಅಶ್ವಶಕ್ತಿಯ ‘ಮಿತ್ಸುಬಿಷಿ ಶಕ್ತಿ’ ಇಂಥ ತೋಟಗಳಲ್ಲಿ ಚಿರಪರಿಚಿತ. ಅಕ್ಟೋಬರ್ ಚಾಟನಿಯ ನಂತರ ಒಂದು ಮಳೆ ಬಿದ್ದರೂ ಸಾಕು, ಬೂಜು ರೋಗ ಹಬ್ಬುವ ಮೊದಲೇ ಔಷಧಿ ಹೊಡೆಯಬೇಕು. ಸ್ಪ್ರೇಯರ್ ಓಡುವುದು ಟ್ರ್ಯಾಕ್ಟರಿನ ಪಿಟಿಒ ಬಲದಿಂದ. ಆ ದಿನ ಟ್ರ್ಯಾಕ್ಟರ್ ನಿಂತರೆ ಕೈತಪ್ಪುವುದು ವರ್ಷದ ಬೆಳೆ.

ಸುರಿಯುತ್ತಾ ಹೋಗುವ ಲೆಕ್ಕವನ್ನೇ ನೋಡಿ. ಹತ್ತು ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ಆರು ಗಂಟೆಯ ಕೆಲಸದಲ್ಲಿ 2,160 ಹನಿ. ಮಿಲಿಲೀಟರಿಗೆ 20–25 ಹನಿ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 100 ಮಿಲಿಲೀಟರ್, ತಿಂಗಳಿಗೆ ಮೂರು ಲೀಟರಿನ ಹತ್ತಿರ. ದುಡ್ಡಿಗಿಂತ ದೊಡ್ಡ ಅಪಾಯ ಮರೆವಿನದು. ಹಂಗಾಮಿನ ಗಡಿಬಿಡಿಯಲ್ಲಿ ನಾಲ್ಕು ದಿನ ಡಿಪ್‌ಸ್ಟಿಕ್ ನೋಡದೆ ಹೋದರೆ ಬೇರಿಂಗು ಸುಡುತ್ತದೆ. ಹಿಂದಿನ ಆಕ್ಸಲ್ ಸೀಲು ಸೋರುತ್ತಿದ್ದು, ಟ್ರ್ಯಾಕ್ಟರಿನದು ಒಣ ಬ್ರೇಕ್ ಆಗಿದ್ದರೆ, ಎಣ್ಣೆ ಲೈನರಿಗೆ ಹತ್ತಿ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದೇ ಇಲ್ಲ. ಅಲ್ಲಿ ಪ್ರಶ್ನೆ ಖರ್ಚಿನದಲ್ಲ, ಜೀವದ್ದು.

ಹಾಗಾದರೆ ಕೂಡಲೇ ಸೀಲು ಬದಲಾಯಿಸಿದರೆ ಮುಗಿಯಿತೆ? ಇಲ್ಲ. ಹನಿ ಬೀಳುವ ಜಾಗ ಬೇರೆ, ಎಣ್ಣೆ ಹೊರಡುವ ಜಾಗ ಬೇರೆ. ಮೇಲಿನ ರಾಕರ್ ಕವರಿನ ಗ್ಯಾಸ್ಕೆಟ್ಟಿನಿಂದ ಜಿನುಗಿದ ಎಣ್ಣೆ ಎಂಜಿನ್ನಿನ ಮೈಮೇಲೆ ಇಳಿದು, ಫ್ಯಾನಿನ ಗಾಳಿಗೆ ಹಿಂದಕ್ಕೆ ಸರಿದು, ಕ್ಲಚ್ ಹೌಸಿಂಗಿನ ತಳದಲ್ಲಿ ತೊಟ್ಟಿಕ್ಕುತ್ತದೆ. ನೋಡಿದವರು ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಎಂದು ತೀರ್ಮಾನಿಸುತ್ತಾರೆ. ಆ ಸೀಲಿಗಾಗಿ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಗ್ಯಾಸ್ಕೆಟ್ಟಿಗಾದರೆ ಕೆಲವೇ ಬೋಲ್ಟು ಬಿಚ್ಚಿದರೆ ಸಾಕು.

ಬಲ್ಲ ಮಿಸ್ತ್ರಿ ಮೊದಲು ಪಾನಾ ಹಿಡಿಯುವುದಿಲ್ಲ, ಬ್ರಷ್ಷು ಮತ್ತು ಡೀಸೆಲ್ ಹಿಡಿಯುತ್ತಾನೆ. ವರ್ಷಗಳ ಜಿಡ್ಡು, ಧೂಳು ತೊಳೆದು, ಒಣಗಿಸಿ, ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರೋ ಸೀಮೆಸುಣ್ಣದ ಪುಡಿಯೋ ಉದುರಿಸುತ್ತಾನೆ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿದರೆ ಬಿಳಿ ಪುಡಿಯ ಮೇಲೆ ಎಣ್ಣೆ ತನ್ನ ದಾರಿ ತಾನೇ ಬರೆಯುತ್ತದೆ. ಬಣ್ಣ ಮತ್ತು ವಾಸನೆಯೂ ಸುಳಿವು ಕೊಡುತ್ತವೆ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ನಿನದು, ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್ ಎಣ್ಣೆ. ಸೋರುತ್ತಿದ್ದರೂ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಇಂಧನ ಒಳಗೆ ಬೆರೆಯುತ್ತಿದೆ ಎಂದರ್ಥ. ಆಗ ಗಾಡಿ ಓಡಿಸಲೇಬಾರದು.

ಜಾಗ ಸಿಕ್ಕಮೇಲೆ ಕಾರಣ ಸಿಗಬೇಕು. ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಎಂಜಿನ್ನಿನೊಳಗಿನ ಒತ್ತಡಕ್ಕೆ ಹೋಗಲು ದಾರಿಯಿಲ್ಲದೆ ಅದು ಎಣ್ಣೆಯನ್ನು ಸೀಲಿನ ಮೂಲಕ ಹೊರಗೆ ತಳ್ಳುತ್ತದೆ. ಬ್ರೀದರ್ ತೊಳೆಯದೆ ಎಷ್ಟು ಸೀಲು ಹಾಕಿದರೂ ವ್ಯರ್ಥ. ಸೀಲಿನ ತುಟಿ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಗೆರೆ ಬಿದ್ದಿದ್ದರೆ ಹೊಸ ಸೀಲೂ ಅದೇ ಗೆರೆಯಲ್ಲಿ ಕೂತು ಸೋರುತ್ತದೆ. ಜಾಗವಿದ್ದರೆ ಅದನ್ನು ತುಸು ಆಚೀಚೆ ಕೂರಿಸಬೇಕು, ಇಲ್ಲವೇ ಶಾಫ್ಟಿಗೆ ತೆಳು ತೋಳು ತೊಡಿಸಬೇಕು. ಕವರಿನ ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ.

ಇಷ್ಟರಲ್ಲಿ ಬಿಡಿಭಾಗದ ಪಾಲು ತೀರಾ ಸಣ್ಣದು. ಸೀಲಿನ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಅಚ್ಚಾಗಿರುತ್ತವೆ. 35-52-8 ಎಂದಿದ್ದರೆ ಅದೇ ಅಳತೆ, ಅದೇ ತುಟಿಯ ಸೀಲನ್ನು ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು. ಡ್ರೈನ್ ಪ್ಲಗ್ಗಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆದುವಾಗುತ್ತದೆ. ನಿಜವಾದ ಬೆಲೆ ಇರುವುದು ತೊಳೆಯುವ, ಕಾಯುವ, ನೋಡುವ, ಯೋಚಿಸುವ ಆ ಅರ್ಧ ದಿನಕ್ಕೆ.

ಆದರೆ ಬಿಲ್ಲು ಆಗುವುದು ಹೇಗೆ? ಅಂಗಡಿಯ ಚೀಟಿಯಲ್ಲಿರುವ ಬಿಡಿಭಾಗಕ್ಕೆ ಚಕಾರವೆತ್ತದೆ ದುಡ್ಡು ಕೊಡುವವರೇ ಮಿಸ್ತ್ರಿಯ ಕೂಲಿಗೆ ಚೌಕಾಸಿ ಮಾಡುತ್ತಾರೆ. "ಏನು ಮಾಡಿದಿ, ತೊಳೆದೆ ಅಷ್ಟೇ ಅಲ್ವಾ?" ಎಂಬ ಮಾತು ಬೇರೆ. ಹೀಗಾದಾಗ ಮಿಸ್ತ್ರಿಗೆ ಉಳಿಯುವ ದಾರಿ ಒಂದೇ: ಕಂಡ ಸೀಲು ಬದಲಿಸು, ಸಾಮಾನಿನ ಲೆಕ್ಕದಲ್ಲಿ ದುಡ್ಡು ತೋರಿಸು, ಮುಂದಿನ ಗಾಡಿಗೆ ಹೋಗು. ಎರಡು ತಿಂಗಳಿಗೆ ಎಣ್ಣೆ ಮತ್ತೆ ಬರುತ್ತದೆ. ಅಪವಾದ ಮಾತ್ರ ಟ್ರ್ಯಾಕ್ಟರಿಗೆ: "ಹಳೇದಾಯ್ತು, ಇನ್ನು ಆಗಲ್ಲ." ಮಿಸ್ತ್ರಿಯನ್ನು ದೂರಿ ಫಲವಿಲ್ಲ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲದ ಕಡೆ ಹುಡುಕುವ ವಿದ್ಯೆ ಉಳಿಯುವುದಿಲ್ಲ.

ಎಲ್ಲ ಹಳೆಯ ಟ್ರ್ಯಾಕ್ಟರನ್ನೂ ಉಳಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಬ್ರೀದರಿನಿಂದ ಹೊಗೆ ಬುಸುಗುಟ್ಟುತ್ತಿದ್ದರೆ ರಿಂಗು, ಲೈನರು ಸವೆದಿರುವ ಸಾಧ್ಯತೆ ಹೆಚ್ಚು. ಆಗ ಸೀಲಿನ ಖರ್ಚು ನೀರಿಗೆ ಹಾಕಿದಂತೆ. ಹೌಸಿಂಗಿನ ಎರಕವೇ ಬಿರಿದಿದ್ದರೆ ಮಾರುವುದೇ ಲೇಸು. ಆದರೆ ಅದು ತಿಳಿಯುವುದೂ ಹುಡುಕಿದ ಮೇಲೆಯೇ. ಮಾರುವ ನಿರ್ಧಾರಕ್ಕೂ ಸರಿಯಾದ ತಪಾಸಣೆಯೇ ಆಧಾರವಾಗಬೇಕು, ನೆಲದ ಮೇಲಿನ ಕಲೆಯಲ್ಲ.

ಇದರಲ್ಲಿ ಸರ್ಕಾರ ಮತ್ತು ಕಂಪನಿಗಳ ಪಾಲೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕಿನ’ ಬಗ್ಗೆ ಸಮಿತಿ ರಚಿಸಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ಲೂ ಬಂತು. ಪೋರ್ಟಲ್ ಇದ್ದರೆ ಸಾಲದು. ಯಾವ ಮಾಡೆಲ್ಲಿಗೆ ಯಾವ ಅಳತೆಯ ಸೀಲು, ಯಾವ ಬೋಲ್ಟಿಗೆ ಎಷ್ಟು ಬಿಗಿತ ಎಂಬ ವಿವರ ಹಳೆಯ ಮಾಡೆಲ್ಲುಗಳಿಗೂ ಕನ್ನಡದಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ ತಾಲ್ಲೂಕಿನ ಮಿಸ್ತ್ರಿಯ ಕೈಗೆ ಸಿಗಬೇಕು. ಹಕ್ಕು ಎಂಬ ಮಾತಿಗೆ ಆಗ ಅರ್ಥ ಬರುತ್ತದೆ.

ಅಲ್ಲಿಯವರೆಗೆ ದೂರದ ಊರಿನಲ್ಲಿರುವ ತಮ್ಮಂದಿರು ಮಾಡಬಹುದಾದದ್ದೂ ಇದೆ. ಹೊಸ ಟ್ರ್ಯಾಕ್ಟರಿನ ಸಾಲದ ಕಂತು ಲೆಕ್ಕ ಹಾಕುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು ಇಷ್ಟು: ತೊಳೆದು ನೋಡಿದಿರಾ ಅಣ್ಣ? ಬ್ರೀದರ್ ಬಿಚ್ಚಿದರಾ? ಕಳಿಸಬೇಕಾದ್ದು ಮಿಸ್ತ್ರಿಯ ಒಂದು ಪೂರ್ತಿ ದಿನದ ಕೂಲಿ, ಸೀಲಿನ ದುಡ್ಡಿನಿಂದ ಬೇರೆಯಾಗಿ, ಚೌಕಾಸಿಯಿಲ್ಲದೆ. ಟ್ರ್ಯಾಕ್ಟರನ್ನು ಎರಡು ಭಾಗ ಮಾಡಲೇಬೇಕಾಗಿ ಬಂದರೆ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗುಗಳನ್ನೂ ಆಗಲೇ ನೋಡಿಸಿಬಿಡಬೇಕು. ಮತ್ತೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ. ಈ ಕೆಲಸವೆಲ್ಲ ಮಳೆಗಾಲಕ್ಕೆ ಮುಂಚೆ, ಸ್ಪ್ರೇಯರ್ ಬಿಡುವಾಗಿರುವಾಗಲೇ ಮುಗಿಯಬೇಕು.