ಸಿಪಾಯಿಯೂ ಬದಲಿಯೇ?

ಗಿರಣಿಯಲ್ಲಿ ದುಡಿದವರಿಗೆ ‘ಬದಲಿ’ ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಬೆಳಗ್ಗೆ ಭೋಂಗಾ ಕೂಗುವ ಮೊದಲೇ ಗೇಟಿನ ಮುಂದೆ ನಿಲ್ಲಬೇಕು. ಕಾಯಂ ಕೆಲಸಗಾರ ಬಾರದಿದ್ದರೆ ಕೆಲಸ; ಬಂದರೆ ಬರಿಗೈಯಲ್ಲಿ ಮನೆಗೆ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳು ನಿಂತಾಗ, ಬದಲಿಯವರನ್ನು ಕಾಯಂ ಮಾಡಬೇಕೆಂಬುದೂ ಕಾರ್ಮಿಕರ ಬೇಡಿಕೆಗಳಲ್ಲಿ ಒಂದಾಗಿತ್ತು. ಆ ಗಿರಣಿಗಳು ಇಂದು ಬಹುಮಟ್ಟಿಗೆ ಇಲ್ಲ. ಆ ಪ್ರಶ್ನೆ ಮಾತ್ರ ದೇಶದ ಗಡಿಗೆ ಹೋಗಿ ನಿಂತಿದೆ.

2022ರ ಜೂನ್ 14ರಂದು ಕೇಂದ್ರ ಸರಕಾರವು ‘ಅಗ್ನಿಪಥ’ ಯೋಜನೆಯನ್ನು ಸಾರಿತು. ಅದರಂತೆ ಸಿಪಾಯಿಯಾಗಿ ಸೇರುವ ತರುಣನಿಗೆ ನಾಲ್ಕು ವರ್ಷದ ನೌಕರಿ. ಆ ಬಳಿಕ ನೂರಕ್ಕೆ 25 ಮಂದಿಯವರೆಗೆ ಕಾಯಂ ಆಗಬಹುದು, ಉಳಿದವರು ಮನೆಗೆ. ಅವರಿಗೆ ಪಿಂಚಣಿಯಿಲ್ಲ, ಗ್ರ್ಯಾಚ್ಯುಟಿಯಿಲ್ಲ. ಹೊರಡುವಾಗ ಸುಮಾರು 11.71 ಲಕ್ಷ ರೂಪಾಯಿ ‘ಸೇವಾನಿಧಿ’ ಎಂದು ಸಿಗುತ್ತದೆ. ಮೊತ್ತ ದೊಡ್ಡದೇ. ಆದರೆ ಮೊದಲ ವರ್ಷದ 30,000 ರೂಪಾಯಿ ಸಂಬಳದಲ್ಲಿ ಕೈಗೆ ಬರುವುದು 21,000. ಉಳಿದ 9,000 ಆ ನಿಧಿಗೆ ಜಮೆ. ಸರಕಾರವೂ ಅಷ್ಟೇ ಹಾಕುತ್ತದೆ, ನಿಜ. ಎಂದರೆ ನಿಧಿಯ ಅರ್ಧ ಸಿಪಾಯಿಯ ಸ್ವಂತ ಬೆವರಿನ ಹಣವೇ.

ಹೋಲಿಕೆಯನ್ನು ಅತಿಯಾಗಿ ಎಳೆಯುವುದು ನ್ಯಾಯವಲ್ಲ. ಅಗ್ನಿವೀರನಿಗೆ ಆ ನಾಲ್ಕು ವರ್ಷ ದಿನವೂ ಕೆಲಸವುಂಟು, ಊಟ ಬಟ್ಟೆಗಳುಂಟು. 48 ಲಕ್ಷದ ವಿಮೆಯೂ ಉಂಟು. ಕರ್ತವ್ಯದಲ್ಲಿ ಮಡಿದರೆ ಮನೆಯವರಿಗೆ ಬೇರೆ 44 ಲಕ್ಷವೂ ದೊರೆಯುತ್ತದೆ. ಆದರೆ ಕಾಯಂ ಸಿಪಾಯಿಯ ಮನೆಯವರಿಗೆ ತಿಂಗಳು ತಿಂಗಳೂ ಬರುವ ಕುಟುಂಬ ಪಿಂಚಣಿ ಇವರಿಗಿಲ್ಲ. ಒಂದೇ ಬಂಕರಿನಲ್ಲಿ, ಒಂದೇ ಗುಂಡಿಗೆ ಬಿದ್ದ ಇಬ್ಬರಲ್ಲಿ ಈ ಭೇದವೇಕೆ?

ಸರಕಾರದ ವಾದವನ್ನೂ ಕೇಳೋಣ. ಪಡೆಯ ಸರಾಸರಿ ವಯಸ್ಸನ್ನು ನಾಲ್ಕೈದು ವರ್ಷ ಇಳಿಸಬೇಕು ಎನ್ನುತ್ತಾರೆ. ಹಿಮದ ಬೆಟ್ಟ ಹತ್ತುವುದಕ್ಕೆ ಎಳೆಯ ಕಾಲುಗಳು ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಖರ್ಚಿನ ಮಾತೂ ಇದೆ: 2022-23ರ ಮುಂಗಡಪತ್ರದಲ್ಲಿ ರಕ್ಷಣೆಗೆಂದು ಇಟ್ಟ 5.25 ಲಕ್ಷ ಕೋಟಿಯಲ್ಲಿ 1.19 ಲಕ್ಷ ಕೋಟಿ ಪಿಂಚಣಿಗೇ ಹೋಗಿತ್ತು. ವಿಮಾನ, ಫಿರಂಗಿಗಳಿಗೆ ಹಣ ಬೇಕು, ಸರಿ. ಆದರೆ ಉಳಿತಾಯವೆಲ್ಲ ಕೆಳಗಿನ ಮೆಟ್ಟಿಲಿನವನಿಂದಲೇ ಆಗಬೇಕೆಂಬ ನ್ಯಾಯವನ್ನು ನಾವು ಗಿರಣಿಯಲ್ಲೂ ಕಂಡಿದ್ದೇವೆ, ಹೋಟೆಲಿನಲ್ಲೂ ಕಂಡಿದ್ದೇವೆ.

ಅಲ್ಪಾವಧಿಯ ಸೇವೆ ತಾನಾಗಿ ತಪ್ಪಲ್ಲ. ಅಮೆರಿಕದಲ್ಲಿಯೂ ಎಷ್ಟೋ ಜನ ನಾಲ್ಕು ವರ್ಷ ದುಡಿದು, ಪಿಂಚಣಿಯಿಲ್ಲದೆ ಸೈನ್ಯ ಬಿಡುತ್ತಾರೆ. ಆದರೆ ಆ ದೇಶ 1944ರಲ್ಲಿಯೇ, ಮಹಾಯುದ್ಧ ಇನ್ನೂ ನಡೆಯುತ್ತಿರುವಾಗ, ಮರಳಿ ಬರುವ ಸಿಪಾಯಿಗಳ ಓದಿಗೂ ಮನೆ ಸಾಲಕ್ಕೂ ಕಾಯಿದೆ ಮಾಡಿತು. ಲಕ್ಷಾಂತರ ಬಡವರ ಮಕ್ಕಳು ಅದರಿಂದ ಕಾಲೇಜು ಕಂಡರು. ಇಂದಿಗೂ ಅಲ್ಲಿ ಸೈನ್ಯ ಬಿಟ್ಟವನಿಗೆ ಓದಿನ ಖರ್ಚು ಹಕ್ಕಾಗಿ ದೊರೆಯುತ್ತದೆ. ನಮ್ಮಲ್ಲಿ ಕೇಂದ್ರದ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಮೀಸಲಾತಿ ಇಟ್ಟಿದ್ದಾರೆ. ಒಳ್ಳೆಯದೇ. ಆದರೆ ಮೀಸಲಾತಿಯೆಂದರೆ ಅರ್ಜಿ ಹಾಕುವ ದಾರಿ, ಕೈಗೆ ಬಂದ ನೌಕರಿಯಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಂತೆ, ನಿಗದಿತ ಅವಧಿಗೆ ನೇಮಕವಾದ ನೌಕರನಿಗೂ ಒಂದು ವರ್ಷ ತುಂಬಿದರೆ ಗ್ರ್ಯಾಚ್ಯುಟಿಯ ಹಕ್ಕುಂಟು. ಖಾಸಗಿ ಮಾಲೀಕನು ಒಂದು ವರ್ಷದ ದುಡಿಮೆಗೆ ಕೊಡಬೇಕಾದುದನ್ನು, ಆ ಕಾನೂನು ಮಾಡಿದ ಸರಕಾರವೇ ನಾಲ್ಕು ವರ್ಷ ಬಂದೂಕು ಹಿಡಿದವನಿಗೆ ಕೊಡುವುದಿಲ್ಲ!

2023ರಲ್ಲಿ ಸೇರಿದವರ ನಾಲ್ಕು ವರ್ಷ 2027ಕ್ಕೆ ತುಂಬುತ್ತದೆ. ಅವರು ಪರದೇಶದವರಲ್ಲ, ನಮ್ಮಂಥವರ ಮನೆಯ ಮಕ್ಕಳೇ. ನಾಳೆ ಊರಿನಿಂದ ತಮ್ಮನೊಬ್ಬ, “ಅಣ್ಣಾ, ಸೈನ್ಯಕ್ಕೆ ಸೇರಲೇ?” ಎಂದು ಕೇಳಿದರೆ, ಸೇರು ಎಂದೇ ನಾವು ಹೇಳುವೆವು. ದೇಶ ಕಾಯುವ ಕೆಲಸಕ್ಕೆ ಬೇಡವೆನ್ನುವ ನಾಲಿಗೆ ನಮ್ಮದಲ್ಲ. ಆದರೆ ಅವನು ಗಡಿಯಲ್ಲಿ ನಿಂತಿರುವಾಗ ಅವನ ಪರವಾಗಿ ಇಲ್ಲಿ ಕೇಳುವವರು ಬೇಕು. ಸಿಪಾಯಿಗೆ ಸಂಘ ಕಟ್ಟುವ ಹಕ್ಕಿಲ್ಲ. ಸಂಘವಿರುವ ನಾವು ಕೇಳಬೇಕು: ಗ್ರ್ಯಾಚ್ಯುಟಿ ಕೊಡಿರಿ, ಮಡಿದವನ ಮನೆಗೆ ಕುಟುಂಬ ಪಿಂಚಣಿ ಕೊಡಿರಿ, ಹಿಂದಿರುಗಿದವನಿಗೆ ಓದನ್ನೋ ಕಸುಬನ್ನೋ ಹಕ್ಕಾಗಿ ಕೊಡಿರಿ.

ಗೇಟಿನಲ್ಲಿ ಕಾದು ನಿಲ್ಲುವ ಬಾಳು ನಮ್ಮ ತಲೆಮಾರಿಗೇ ಸಾಕು.