ಟರ್ನಿಂಗ್ ಕಿಕ್ ಬೇರೆ, ಸ್ಪಿನ್ನಿಂಗ್ ಕಿಕ್ ಬೇರೆ

ಮಕ್ಕಳನ್ನು ಟೇಕ್ವಾಂಡೊ ಕ್ಲಾಸಿಗೆ ಬಿಡಲು ಬರುವ ಅಪ್ಪ-ಅಮ್ಮಂದಿರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: ‘ಮೇಡಂ, ಗಿರ್ರನೆ ತಿರುಗಿ ಒದೀತಾರಲ್ಲ, ಅದನ್ನ ಯಾವಾಗ ಹೇಳ್ಕೊಡ್ತೀರಿ?’ ಟರ್ನಿಂಗ್ ಕಿಕ್ ಆಗಲೇ ಶುರುವಾಗಿದೆ ಅಂದರೆ, ‘ಅಯ್ಯೋ ಅದಲ್ಲ, ತಿರುಗೋದು’ ಅನ್ನುತ್ತಾರೆ. ಟರ್ನಿಂಗ್ ಅಂದರೂ ತಿರುಗುವುದೇ, ಸ್ಪಿನ್ನಿಂಗ್ ಅಂದರೂ ತಿರುಗುವುದೇ. ಗೊಂದಲ ಸಹಜ. ಈ ವಾರ ಅದನ್ನೇ ಬಿಡಿಸಿ ಹೇಳುತ್ತೇನೆ.

ನಿಮ್ಮ ಮನೆಯ ಗೇಟನ್ನು ನೆನೆಸಿಕೊಳ್ಳಿ. ಒಂದು ಬದಿ ಕೀಲಿನ ಮೇಲೆ ನಿಂತಿರುತ್ತದೆ, ಇನ್ನೊಂದು ಬದಿ ಬೀಸಿಕೊಂಡು ಬರುತ್ತದೆ. ಟರ್ನಿಂಗ್ ಕಿಕ್ ಕೂಡ ಹಾಗೇ. ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ನಿಂತ ಮಗು ಬಲ ಮಂಡಿಯನ್ನು ಮಡಿಚಿ ಎತ್ತಿ, ಸೊಂಟ ತಿರುಗಿಸಿ, ಕಾಲನ್ನು ಬಲದಿಂದ ಎಡಕ್ಕೆ ಬೀಸುತ್ತದೆ. ಎದುರಾಳಿಗೆ ತಗಲುವುದು ಸಾಮಾನ್ಯವಾಗಿ ಪಾದದ ಮೇಲ್ಭಾಗ. ಒದೆತದ ಉದ್ದಕ್ಕೂ ಕಣ್ಣು ಎದುರಾಳಿಯ ಮೇಲೇ ಇರುತ್ತದೆ. ಕೊರಿಯನ್ ಭಾಷೆಯಲ್ಲಿ ಇದು ‘ದೊಲ್ಯೊ ಚಾಗಿ’. ಕರಾಟೆಯವರಿಗೆ ‘ಮವಾಶಿ ಗೇರಿ’.

ಸ್ಪಿನ್ನಿಂಗ್ ಕಿಕ್ ಬುಗುರಿಯ ಜಾತಿಯದು. ಅದೇ ನಿಲುವಿನಿಂದ ಮಗು ಬಲಭುಜದ ಕಡೆಗೆ ಹಿಮ್ಮುಖವಾಗಿ ಸುತ್ತುತ್ತದೆ. ಮೊದಲು ಎದುರಾಳಿಗೆ ಬೆನ್ನು. ಆಮೇಲೆ ಭುಜದ ಮೇಲಿಂದ ಕಣ್ಣು ಗುರಿ ಹುಡುಕುತ್ತದೆ. ಕಾಲು ಬರುವುದು ಕಡೆಗೆ, ತಗಲುವುದು ಹಿಮ್ಮಡಿ. ಇದರಲ್ಲೂ ಮುಖ್ಯವಾಗಿ ಎರಡು ಬಗೆ. ಬೆನ್ನು ತಿರುಗಿಸಿ ಕತ್ತೆ ಒದ್ದ ಹಾಗೆ ನೇರವಾಗಿ ಒದೆಯುವುದು ‘ದ್ವಿ ಚಾಗಿ’. ಕಾಲನ್ನು ಕೊಕ್ಕೆಯ ಹಾಗೆ ಎಡದಿಂದ ಬಲಕ್ಕೆ ಬೀಸುವುದು ‘ದ್ವಿ ಹುರ್ಯೊ ಚಾಗಿ’. ಈ ‘ದ್ವಿ’ ನಮ್ಮ ದ್ವಿಚಕ್ರದ ದ್ವಿ ಅಲ್ಲ. ಕೊರಿಯನ್ನಿನಲ್ಲಿ ಅದಕ್ಕೆ ಹಿಂದೆ ಎಂಬ ಅರ್ಥ.

ಗೊಂದಲಕ್ಕೆ ಸ್ಪರ್ಧೆಯ ನಿಯಮವೂ ಸ್ವಲ್ಪ ಕಾರಣ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎದೆಗವಚಕ್ಕೆ ಬಿದ್ದ ಒದೆತಕ್ಕೆ 2 ಅಂಕ, ತಲೆಗೆ ಬಿದ್ದದ್ದಕ್ಕೆ 3. ಅದೇ ‘ಟರ್ನಿಂಗ್ ಕಿಕ್’ ಆದರೆ 4 ಮತ್ತು 5. ಆದರೆ ಅಂಕದ ಲೆಕ್ಕದಲ್ಲಿ ಟರ್ನಿಂಗ್ ಅಂದರೆ ಮೈ ಪೂರಾ ಸುತ್ತಿ ಹೊಡೆಯುವ ಒದೆತ, ಅಂದರೆ ನಾವು ಕ್ಲಾಸಿನಲ್ಲಿ ಸ್ಪಿನ್ನಿಂಗ್ ಅನ್ನುವುದು. ಇದು ಗೊತ್ತಿಲ್ಲದೆ, ‘ನನ್ನ ಮಗ ಟರ್ನಿಂಗ್ ಕಿಕ್ ಹೊಡೆದ, ನಾಲ್ಕು ಕೊಡಬೇಕಿತ್ತು’ ಎಂದು ರೆಫರಿ ಜೊತೆ ಜಗಳಕ್ಕೆ ಹೋದ ತಂದೆಯೊಬ್ಬರನ್ನು ಕಂಡಿದ್ದೇನೆ. ಅವನು ಹೊಡೆದದ್ದು ಚೆಂದದ ದೊಲ್ಯೊ ಚಾಗಿ. ಎರಡೇ ಅಂಕ.

ಎರಡಕ್ಕೆ ನಾಲ್ಕು ಸಿಗುವುದಾದರೆ ಮೊದಲೇ ಅದನ್ನೇ ಕಲಿಸಬಾರದೇ? ಇಲ್ಲಿ ಮಂಡಿಯ ಮಾತು ಬರುತ್ತದೆ. ಯಾವ ಒದೆತದಲ್ಲೂ ಗಾಳಿಯಲ್ಲಿರುವ ಕಾಲಿಗಿಂತ ನೆಲದ ಮೇಲಿರುವ ಕಾಲಿಗೆ ಕಷ್ಟ ಹೆಚ್ಚು. ಸೊಂಟ ತಿರುಗಿದಂತೆ ನಿಂತ ಪಾದವೂ, ಹಿಮ್ಮಡಿ ಸ್ವಲ್ಪ ಎತ್ತಿ, ಮುಂಭಾಗದ ಮೇಲೆ ತಿರುಗಬೇಕು. ಪಾದ ಅಂಟಿಕೊಂಡು ಮೈ ಮಾತ್ರ ತಿರುಗಿದರೆ ಆ ತಿರುಚೆಲ್ಲ ನಡುವೆ ಇರುವ ಮಂಡಿಗೆ ಬೀಳುತ್ತದೆ. ಲಿಗಮೆಂಟ್ ಹರಿಯುವುದು, ಮಂಡಿಯೊಳಗಿನ ಮೆತ್ತೆ ಸೀಳುವುದು ಹೀಗೆಯೇ. ಸ್ಪಿನ್ನಿಂಗ್‌ನಲ್ಲಿ ಮೈ ಇನ್ನೂ ಹೆಚ್ಚು, ಇನ್ನೂ ಜೋರಾಗಿ ತಿರುಗುತ್ತದೆ. ಟರ್ನಿಂಗ್ ಕಿಕ್‌ನಲ್ಲಿ ಉಳಿದ ಸಣ್ಣ ತಪ್ಪು ಇಲ್ಲಿ ದೊಡ್ಡದಾಗುತ್ತದೆ. ಜೊತೆಗೆ ಎದುರಿಗಿರುವುದೂ ಯಾರದೋ ಮಗು. ಗುರಿ ಕಾಣದ ಆ ಅರೆಕ್ಷಣದಲ್ಲಿ ಹಿಡಿತ ಇಲ್ಲದೆ ಬೀಸಿದ ಹಿಮ್ಮಡಿ ಆ ಮಗುವಿನ ಮುಖಕ್ಕೆ ಬೀಳಬಹುದು.

ಹೋದ ತಿಂಗಳು ಒಬ್ಬ ತಾಯಿ ನೇರವಾಗಿಯೇ ಹೇಳಿದರು: ‘ಬೇರೆ ಕ್ಲಾಸಲ್ಲಿ ಮೂರೇ ತಿಂಗಳಿಗೆ ಕಲಿಸ್ತಾರಂತೆ. ಸ್ಪರ್ಧೆ ಹತ್ರ ಬಂತು. ನೀವು ಕಲಿಸಲ್ಲ ಅಂದ್ರೆ ಅಲ್ಲಿಗೇ ಸೇರಿಸ್ತೀವಿ.’ ಹುಡುಗಿಗೆ ಹನ್ನೊಂದು ವರ್ಷ, ಒಳ್ಳೆ ಚುರುಕು. ನಾನು ಅವಳನ್ನು ಕರೆದು ಅಮ್ಮನ ಎದುರಿಗೇ ಹತ್ತು ಟರ್ನಿಂಗ್ ಕಿಕ್ ಹೊಡೆಸಿದೆ. ‘ಒದೆಯೋ ಕಾಲು ನೋಡ್ಬೇಡಿ, ನಿಂತ ಕಾಲು ನೋಡಿ’ ಅಂದೆ. ಐದರವರೆಗೆ ಪಾದ ತಿರುಗಿತು. ಆರನೆಯದರಿಂದ ಸುಸ್ತಾಗಿ ಅಂಟಿಕೊಂಡಿತು, ಮಂಡಿ ಒಳಕ್ಕೆ ವಾಲಿತು. ತಾಯಿ ಏನೂ ಮಾತಾಡಲಿಲ್ಲ. ಹುಡುಗಿ ಈಗಲೂ ನಮ್ಮಲ್ಲೇ ಇದ್ದಾಳೆ, ಆದರೆ ಸ್ಪರ್ಧೆ ಮುಗಿದ ಮೇಲೂ ಇರುತ್ತಾಳೆ ಅನ್ನುವ ಭರವಸೆ ನನಗಿಲ್ಲ. ಒಬ್ಬ ವಿದ್ಯಾರ್ಥಿನಿ ಬಿಟ್ಟು ಹೋದರೆ ಫೀಸು ಹೋಗುತ್ತದೆ, ಬೇಜಾರೂ ಆಗುತ್ತದೆ. ಆದರೂ ಅವಳು ಕೇಳಿದ್ದನ್ನು ಈಗಲೇ ಕಲಿಸಲು ನನಗೆ ಮನಸ್ಸಿಲ್ಲ.

ಮನೆಯಲ್ಲಿ ನೀವೂ ಪರೀಕ್ಷಿಸಬಹುದು. ಒದ್ದ ಗಳಿಗೆಯಲ್ಲಿ ನಿಂತ ಕಾಲಿನ ಹಿಮ್ಮಡಿ ಗುರಿಯ ಕಡೆಗೆ ತಿರುಗಿದೆಯೇ? ಒದ್ದ ಮೇಲೆ ಕಾಲನ್ನು ಮಡಿಚಿಕೊಂಡು ಮೂರು ಎಣಿಸುವವರೆಗೆ ಒಂಟಿಕಾಲಲ್ಲಿ ನಿಲ್ಲಬಲ್ಲಳೇ? ಬಲಗಾಲಿನಷ್ಟೇ ಎಡಗಾಲೂ ಚೆನ್ನಾಗಿ ಬರುತ್ತದೆಯೇ? ಸುಸ್ತಾದಾಗಲೂ ಈ ಮೂರು ಸರಿಯಿದ್ದರೆ ಮಾತ್ರ ನಾನು ಸ್ಪಿನ್ನಿಂಗ್ ಶುರು ಮಾಡುವುದು. ಅದೂ ಮೊದಲು ಒದೆತವೇ ಇಲ್ಲದೆ, ಬರೀ ತಿರುಗಿ ನೋಡುವ ಅಭ್ಯಾಸ. ಮಗು ಮಂಡಿ ನೋವು ಅಂದರೆ ಎಣ್ಣೆ ಹಚ್ಚಿ ಮರುದಿನವೇ ಕಳಿಸಬೇಡಿ. ಡಾಕ್ಟರಿಗೆ ತೋರಿಸಿ, ನಮಗೂ ಒಂದು ಮಾತು ಹೇಳಿ.